ಆರು ಆಂಪಿಯರ್ ಪ್ಲಗ್ಗಿನ ಲೆಕ್ಕ

ಬಿಕಾಂ ಓದಿದವನಿಗೆ ಕರೆಂಟಿನ ಉಸಾಬರಿ ಯಾಕೆ ಅನ್ನಬೇಡಿ. ಬ್ಯಾಂಕಿನ ಲೆಕ್ಕ ಗೊತ್ತಿದ್ದವರಿಗೆ ಇದು ಸಲೀಸು. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ದಿನದ ಬಾಕಿಯ ಮೇಲೆ ಬಡ್ಡಿ ಕಟ್ಟುತ್ತೇವಲ್ಲ, ಡೈಲಿ ಪ್ರಾಡಕ್ಟ್ ಅಂತ, ಮನೆಯ ಮೀಟರ್ ಮಾಡುವುದೂ ಅದನ್ನೇ. ಎಷ್ಟು ಹಣ ಎಷ್ಟು ದಿನ ಇತ್ತು ಅನ್ನುವುದು ನಮ್ಮ ಗುಣಾಕಾರ. ಎಷ್ಟು ವಾಟ್ ಎಷ್ಟು ಗಂಟೆ ಓಡಿತು ಅನ್ನುವುದು ಮೀಟರಿನದು. ಸಾವಿರ ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಅಷ್ಟೇ!

ಆ ವಾಟ್ ಎಲ್ಲಿಂದ ಬಂತು? ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್. ಅದೇ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ಒಂದು ಗುಣಾಕಾರ, ಒಂದು ಭಾಗಾಕಾರ. ನೀರು ಕಾಯಿಸುವ ರಾಡು, ಕೆಟಲ್, ಇಸ್ತ್ರಿಪೆಟ್ಟಿಗೆಯಂಥ ಬಿಸಿ ಮಾಡುವ ಸಾಮಾನಿಗೆ ಇದು ನೇರವಾಗಿ ಹೊಂದುತ್ತದೆ. ಫ್ಯಾನು, ಏಸಿಯಂಥ ಮೋಟಾರಿನವಕ್ಕೆ ಪವರ್ ಫ್ಯಾಕ್ಟರ್ ಅಂತ ಇನ್ನೊಂದು ಬಾಬತ್ತು ಸೇರುತ್ತದೆ, ಅದು ಇಲ್ಲಿ ಬೇಡ.

ನಮ್ಮೂರು ಮಳವಳ್ಳಿ. ಮದರಾಸು ಚೆನ್ನೈ ಆದ ವರ್ಷ, 1996ರಲ್ಲಿ, ವರ್ಗವಾಗಿ ಇಲ್ಲಿಗೆ ಬಂದವನು ಇಲ್ಲೇ ಉಳಿದೆ. ಊರ ಕಡೆಯ ಹುಡುಗರು ಕೆಲಸ ಸಿಕ್ಕಿ ಬಂದರೆ ಅವರಪ್ಪಂದಿರು ಮೊದಲು ಫೋನ್ ಮಾಡುವುದು ನನಗೇ. ಹಾಗೆ ಬಂದ ಸ್ನೇಹಿತನ ಮಗನೊಬ್ಬ ಪೆರುಂಗುಡಿಯಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿದ್ದ. ಒಂದು ದಿನ ಮಾತಿಗೆ, "ಅಂಕಲ್, ಬೆಳಿಗ್ಗೆ ಪ್ಲಗ್ ಹತ್ರ ಏನೋ ಸುಟ್ಟ ವಾಸನೆ ಬರುತ್ತೆ, ಆಮೇಲೆ ಹೋಗ್ಬಿಡುತ್ತೆ" ಅಂದ. ನಮ್ಮ ಮನೆಗೆ ಬರುವ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಆ ಭಾನುವಾರವೇ ಹೋದೆ.

ಗೋಡೆಯಲ್ಲಿ ಆರು ಆಂಪಿಯರಿನ ಒಂದು ಸಾಕೆಟ್. ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು. ಅದರಲ್ಲಿ ಸ್ನಾನದ ನೀರಿಗೆ 1500 ವಾಟಿನ ರಾಡು, ಪಕ್ಕದಲ್ಲಿ ಅಷ್ಟೇ ವಾಟಿನ ಕೆಟಲ್. ಬೆಳಿಗ್ಗೆ ಎರಡೂ ಒಟ್ಟಿಗೆ!

ಬೇರೆಲ್ಲ ಆರಿಸಿ ರಾಡು ಮಾತ್ರ ಹಾಕಿ, ಮೇನ್ ಬಾಕ್ಸಿನ ತಂತಿಗೆ ಕ್ಲಾಂಪ್ ಮೀಟರ್ ಹಿಡಿದ ನಮ್ಮ ಎಲೆಕ್ಟ್ರಿಷಿಯನ್. 220 ವೋಲ್ಟ್, 6.25 ಆಂಪಿಯರ್. ಗುಣಿಸಿದರೆ 1375 ವಾಟ್. ಹಾಗಾದರೆ ರಾಡಿನ ಮೇಲೆ ಬರೆದ 1500 ಸುಳ್ಳೇ? ಅಲ್ಲ. 220ನ್ನು 6.25ರಿಂದ ಭಾಗಿಸಿ, 35.2 ಓಮ್. ಈ ಅಂಕಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. 230 ವೋಲ್ಟ್ ಬಂದರೆ ಇದೇ ರಾಡು 1500 ವಾಟ್ ಎಳೆಯುತ್ತದೆ, 200ಕ್ಕೆ ಇಳಿದರೆ 1136. ಹಾಗಂತ ಓಲ್ಟೇಜ್ ಕಮ್ಮಿಯಾದಾಗ ಬಿಲ್ಲು ಉಳಿಯಿತು ಅಂದುಕೊಳ್ಳಬೇಡಿ. ನೀರಿಗೆ ಬೇಕಾದ ಶಾಖ ಅಷ್ಟೇ, ಕಾಯಲು ಹೊತ್ತು ಜಾಸ್ತಿ ಹಿಡಿಯುತ್ತದೆ.

ಈಗ ವಾಸನೆಯ ವಿಷಯಕ್ಕೆ ಬರೋಣ. ಕೆಟಲ್ಲೂ ಸೇರಿದರೆ 12.5 ಆಂಪಿಯರ್, ಆರರ ಪ್ಲಗ್ಗಿನ ಮೂಲಕ. ಆ ಸಾಕೆಟ್ಟಿನ ಹಿಡಿತ ಸಡಿಲವಾಗಿತ್ತು. ಅಲ್ಲಿ ಬರೀ ಅರ್ಧ ಓಮ್ ರೋಧ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ಹುಟ್ಟುವ ಬಿಸಿಗೆ ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ ಓಮಿನಿಂದ ಗುಣಿಸಬೇಕು. ರಾಡು ಒಂದೇ ಇದ್ದರೆ ಸುಮಾರು 20 ವಾಟ್. ಎರಡೂ ಇದ್ದರೆ 78. ಕರೆಂಟು ಎರಡರಷ್ಟು, ಬಿಸಿ ನಾಲ್ಕರಷ್ಟು! ನಮ್ಮ ಕಾಲದ 60 ವಾಟಿನ ಬಲ್ಬನ್ನು ಮುಟ್ಟಿದ್ದೀರಲ್ಲ? ಅದಕ್ಕಿಂತ ಹೆಚ್ಚಿನ ಬಿಸಿ ಬೆಂಕಿಪೊಟ್ಟಣದಷ್ಟು ಜಾಗದ ಪ್ಲಾಸ್ಟಿಕ್ಕಿನೊಳಗೆ.

ಭಯ ಹುಟ್ಟಿಸುವ ಮಾತು ಮುಂದಿದೆ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳಿಗೆ ಇದು ಎರಡೂವರೆ ಯೂನಿಟ್ಟೂ ಆಗುವುದಿಲ್ಲ. ಬಿಲ್ಲು ನೋಡಿದರೆ ಗೊತ್ತಾಗದು. ಆ ಲೈನಿಗೆ ಇದ್ದದ್ದು 16 ಆಂಪಿಯರಿನ ಎಂಸಿಬಿ, 12.5ಕ್ಕೆ ಅದು ಬೀಳುವುದಿಲ್ಲ. ಲೆಡ್ಜರ್ ಟ್ಯಾಲಿ ಆಗಿದೆ, ಆಡಿಟರ್ ಸಹಿ ಹಾಕಿದ್ದಾನೆ, ಒಳಗೆ ಮಾತ್ರ ಹೊಗೆಯಾಡುತ್ತಿದೆ.

ಇದೇ ಲೆಕ್ಕವನ್ನು ನೂರು ವರ್ಷಕ್ಕೂ ಹಿಂದೆ ನಮ್ಮೂರ ಮಗ್ಗುಲಲ್ಲೇ ಮಾಡಿದ್ದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತಲ್ಲ, ಸುಮಾರು 147 ಕಿಲೋಮೀಟರ್ ತಂತಿ. ಅಷ್ಟುದ್ದದ ತಂತಿಯ ರೋಧವನ್ನು ಇಲ್ಲವಾಗಿಸಲು ಆಗದು. ಅದಕ್ಕೇ ವೋಲ್ಟನ್ನು ಸುಮಾರು 35,000ಕ್ಕೆ ಏರಿಸಿದರು. ವೋಲ್ಟ್ ಏರಿದಷ್ಟೂ ಅದೇ ವಾಟಿಗೆ ಆಂಪಿಯರ್ ಇಳಿಯುತ್ತದೆ. ನಮ್ಮ ಮನೆಯ 230 ವೋಲ್ಟಿನಲ್ಲೇ ಕಳಿಸಿದ್ದರೆ ಕರೆಂಟು 152 ಪಟ್ಟು, ಅದೇ ತಂತಿಯಲ್ಲಿ ನಷ್ಟ ಇಪ್ಪತ್ತಮೂರು ಸಾವಿರ ಪಟ್ಟು! ತಂತಿ ಕರಗಿಹೋಗುತ್ತಿತ್ತು, ಗಣಿಗೆ ಏನೂ ತಲುಪುತ್ತಿರಲಿಲ್ಲ. ಚೆನ್ನೈಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಬಂಗಾರಪೇಟೆ ಬಂದರೆ ನನಗೆ ಈ ಲೆಕ್ಕ ನೆನಪಾಗುತ್ತದೆ.

ಮನೆಯಲ್ಲಿ ವೋಲ್ಟ್ ಏರಿಸುವಂತಿಲ್ಲ. ಆಂಪಿಯರ್ ಇಳಿಸಬೇಕು, ಇಲ್ಲವೇ ದಪ್ಪ ತಂತಿ, 16 ಆಂಪಿಯರಿನ ಸಾಕೆಟ್ ಹಾಕಿಸಬೇಕು. ಓನರಿಗೆ ಕೇಳಿದೆವು. "ಎದುಕ್ಕು ಸಾರ್? ಇತ್ತನೆ ನಾಳಾ ನಲ್ಲಾತಾನೆ ಓಡುದು" ಅಂದರು. ಇಷ್ಟು ದಿನ ಚೆನ್ನಾಗೇ ಓಡುತ್ತಿದೆಯಲ್ಲ, ಯಾಕೆ ಅಂತ. ಸಾಕೆಟ್ ಬಿಚ್ಚಿ, ಒಳಗೆ ಕಪ್ಪಗಾಗಿದ್ದ ತಂತಿ ತೋರಿಸಿದ ಮೇಲೆ ಒಪ್ಪಿದರು. ಖರ್ಚು ಹುಡುಗರದ್ದು! ಮೂವರು ಹಂಚಿಕೊಂಡರು, ಹೆಚ್ಚೇನೂ ಆಗಲಿಲ್ಲ.

ನಿಮ್ಮ ಮಕ್ಕಳೂ ಎಲ್ಲೋ ಬಾಡಿಗೆ ರೂಮಿನಲ್ಲಿ ಇರಬಹುದು. ಊಟ ಆಯ್ತಾ ಅಂತ ಕೇಳುವಾಗ ಇದನ್ನೂ ಕೇಳಿ: ರಾಡು ಯಾವ ಪ್ಲಗ್ಗಿಗೆ ಹಾಕಿದ್ದೀಯಪ್ಪ? ಹತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಆಮೇಲೆ ಪ್ಲಗ್ಗಿನ ಬೆನ್ನು ಮುಟ್ಟಿ ನೋಡಲು ಹೇಳಿ. ಸುಡುವಷ್ಟು ಬಿಸಿ ಇದ್ದರೆ ಅದನ್ನು ಮತ್ತೆ ಬಳಸದೆ ಎಲೆಕ್ಟ್ರಿಷಿಯನ್ನನ್ನು ಕರೆಸಲಿ.