ರೆಕ್ಕೆಯ ಮನುಷ್ಯ ಮತ್ತು ಬಿದ್ದ ಸೇತುವೆ

ದೇವರಿಗೆ ಜಾತ್ರೆ ನಡೆಯುವುದು ಗೊತ್ತು. ಭೂತವೋ ಹಕ್ಕಿಯೋ ತಿಳಿಯದ ಒಂದು ಪ್ರಾಣಿಗೂ ಜಾತ್ರೆ ನಡೆಯುತ್ತದೆ ಅಂದರೆ ನಂಬುತ್ತೀರಾ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ, ಒಹಾಯೋ ನದಿಯ ದಡದಲ್ಲಿ ಪಾಯಿಂಟ್ ಪ್ಲೆಸೆಂಟ್ ಅಂತ ಒಂದು ಸಣ್ಣ ಊರು. ಅಲ್ಲಿ 2002ರಲ್ಲಿ ಶುರುವಾದ ಈ ಜಾತ್ರೆಗೆ ಸೆಪ್ಟೆಂಬರಿನಲ್ಲಿ ಸಾವಿರಾರು ಜನ ಸೇರುತ್ತಾರೆ.

ಕಥೆ ಇಷ್ಟೇ. 1966ರ ನವೆಂಬರ್ 15ರ ರಾತ್ರಿ ಎರಡು ಯುವ ಜೋಡಿಗಳು ಕಾರಿನಲ್ಲಿ ಊರಾಚೆ ಹೊರಟಿದ್ದರು. ಯುದ್ಧಕಾಲದಲ್ಲಿ ಸಿಡಿಮದ್ದು ಮಾಡುತ್ತಿದ್ದ ಪಾಳುಜಾಗ ಅದು. ಮನುಷ್ಯನಿಗಿಂತ ಎತ್ತರದ್ದು, ರೆಕ್ಕೆಯಿತ್ತು, ಕಣ್ಣು ಕೆಂಡದ ಹಾಗೆ ಹೊಳೆಯುತ್ತಿತ್ತು, ಕಾರಿನ ಹಿಂದೆಯೇ ಹಾರಿ ಬಂತು ಅಂತ ಪೊಲೀಸರಿಗೆ ಹೇಳಿದರು. ಮರುದಿನ ಪತ್ರಿಕೆಯಲ್ಲಿ ಬಂತು. ಆಮೇಲೆ ಕೇಳಬೇಕೇ? ನಾನೂ ನೋಡಿದೆ, ನಾನೂ ನೋಡಿದೆ ಅಂತ ಎಷ್ಟೋ ಜನ! ಪತ್ರಿಕೆಯವರು ಅದಕ್ಕೆ 'ಮಾಥ್‌ಮನ್', ಅಂದರೆ ಪತಂಗ-ಮನುಷ್ಯ, ಅಂತ ಹೆಸರಿಟ್ಟರು. ಅಲ್ಲಿನ ವಿಶ್ವವಿದ್ಯಾಲಯದ ಜೀವವಿಜ್ಞಾನಿಯೊಬ್ಬರು ಮಾತ್ರ, ದಾರಿ ತಪ್ಪಿ ಬಂದ ದೊಡ್ಡ ಕೊಕ್ಕರೆ ಇದ್ದೀತು, ಅದರ ಕಣ್ಣಿನ ಬಳಿ ಕೆಂಪು ಬಣ್ಣವಿರುತ್ತದೆ ಅಂದರು. ನನಗೂ ಅದೇ ಸರಿ ಅನ್ನಿಸುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹದಿಮೂರು ತಿಂಗಳಾದ ಮೇಲೆ, 1967ರ ಡಿಸೆಂಬರ್ 15ರಂದು, ಕ್ರಿಸ್‌ಮಸ್‌ಗೆ ಇನ್ನು ಹತ್ತೇ ದಿನ. ಸಂಜೆ ಐದರ ಹೊತ್ತು. ಹಬ್ಬದ ಸಾಮಾನು ಕೊಂಡವರು, ಕೆಲಸ ಮುಗಿಸಿ ಮನೆಗೆ ಹೊರಟವರು, ಎಲ್ಲರ ವಾಹನಗಳೂ ನದಿಯ ಸೇತುವೆಯ ಮೇಲೆ ಸಾಲುಗಟ್ಟಿದ್ದವು. ಸೇತುವೆ ಪೂರ್ತಿ ಕುಸಿದು ಕೊರೆಯುವ ನೀರಿಗೆ ಬಿತ್ತು. 46 ಜನ ಸತ್ತರು. ಇಬ್ಬರ ದೇಹ ಕೊನೆಗೂ ಸಿಗಲಿಲ್ಲ. ಅವರ ಮನೆಯವರು ಎಷ್ಟು ವರ್ಷ ಬಾಗಿಲ ಕಡೆ ನೋಡಿದರೋ!

ಆ ಪ್ರಾಣಿ ಎಚ್ಚರಿಕೆ ಕೊಡಲು ಬಂದಿತ್ತು ಅಂತ ಕೆಲವರು, ಅದೇ ಅನಿಷ್ಟ ತಂತು ಅಂತ ಕೆಲವರು. 1975ರಲ್ಲಿ ಪುಸ್ತಕ, 2002ರಲ್ಲಿ ಸಿನಿಮಾ, 2003ರಲ್ಲಿ ಹನ್ನೆರಡು ಅಡಿಯ ಉಕ್ಕಿನ ಮೂರ್ತಿ. ಅದರ ಫೋಟೋ ನೋಡಿ ನಮ್ಮತ್ತೆ, "ಇದಕ್ಕೆ ಮಂಗಳಾರತಿನೂ ಮಾಡ್ತಾರೇನೇ?" ಅಂತ ಕೇಳಿದರು.

ನಿಜವಾದ ಕಾರಣ ಕೇಳಿ. 1928ರ ಆ ಸೇತುವೆ ಉಕ್ಕಿನ ಪಟ್ಟಿಗಳ ಸರಪಳಿಯಲ್ಲಿ ತೂಗುತ್ತಿತ್ತು. ಒಂದೊಂದು ಕೊಂಡಿಗೆ ಎರಡೇ ಪಟ್ಟಿ. ಅದರಲ್ಲಿ ಒಂದರ ತೂತಿನ ಒಳಗೆ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು, ಅಂದರೆ ಒಂದು ತೊಗರಿಬೇಳೆಯ ದಪ್ಪ! ಬಿಚ್ಚಿ ನೋಡದ ಹೊರತು ಕಾಣದ ಜಾಗ. ಕಟ್ಟಿದ ಕಾಲಕ್ಕಿಂತ ಗಾಡಿಗಳ ಭಾರವೂ ಎಷ್ಟೋ ಹೆಚ್ಚಾಗಿತ್ತು. ಒಂದು ಪಟ್ಟಿ ಮುರಿಯಿತು, ಮಿಕ್ಕದ್ದೆಲ್ಲ ಅದರ ಹಿಂದೆ ಹೋಯಿತು.

ಕೆಂಪು ಕಣ್ಣಿನ ಕಥೆ ಹೇಳಲು ಸುಲಭ, ಬೇಳೆಯಷ್ಟು ಬಿರುಕಿನ ಕಥೆಗೆ ಯಾರೂ ಮೂರ್ತಿ ಮಾಡಿಸುವುದಿಲ್ಲ. ಆದರೂ ಊರು ಮರೆತಿಲ್ಲ. ಸತ್ತವರ ಹೆಸರು ಕೆತ್ತಿದ ಸ್ಮಾರಕವೂ ಅಲ್ಲೇ ಇದೆ. ಹೊಸ ಸೇತುವೆ ಸರಿಯಾಗಿ ಎರಡು ವರ್ಷಕ್ಕೆ, 1969ರ ಡಿಸೆಂಬರ್ 15ರಂದೇ ತೆರೆಯಿತು. ಸೇತುವೆಗಳನ್ನು ಎರಡು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂಬ ನಿಯಮ 1971ರಲ್ಲಿ ಇಡೀ ಅಮೆರಿಕಕ್ಕೆ ಬಂತು.