ಇಲಿಗೆ ಮಣ್ಣು ಕೊಟ್ಟದ್ದು

ನಮ್ಮ ಹಿರಿಯರ ಬಾಯಲ್ಲಿ ‘ಇಲಿ ಬಿತ್ತು’ ಎಂಬ ಮಾತಿಗೆ ಒಂದೇ ಅರ್ಥವಿತ್ತು: ಊರು ಬಿಡಬೇಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಸೊಲ್ಲಾಪುರ, ಧಾರವಾಡಗಳ ಸೀಮೆಗೂ ಹಬ್ಬಿತು. ಜಂತಿಯಿಂದ ಸತ್ತ ಇಲಿಯೊಂದು ಕೆಳಗೆ ಬಿದ್ದರೆ ಸಾಕು, ಬಾಗಿಲಿಗೆ ಕೀಲಿ ಜಡಿದು, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲಿಯೇ ಕರಾಚಿಯಲ್ಲಿ ಕಂಡುಹಿಡಿದಿದ್ದ. ಆದರೆ ಅಜ್ಜಿಯ ಪಾಲಿಗೆ ಕೊನೆಯವರೆಗೂ ಇಲಿಯೇ ಯಮದೂತ.

ಅಂಥ ಅಜ್ಜಿಯ ಕೈಯಲ್ಲಿ ಬೆಳೆದ ನಾವು ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಂದು ಇಲಿಯ ಶುಶ್ರೂಷೆ ಮಾಡಿ, ಅದಕ್ಕೆ ಮಣ್ಣು ಕೊಟ್ಟು, ಈಗ ಸಮ್ಮೇಳನದ ಸಂಚಿಕೆಗೆ ಅದರ ಕಥೆಯನ್ನೇ ಬರೆಯುತ್ತಿದ್ದೇವೆ. ಸಂಘದ ಹಿರಿಯರು ನಕ್ಕರೆ ನಗಲಿ.

ಮೊಮ್ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ನಮ್ಮ ಮಗ ಸೊಲ್ಲಾಪುರದಿಂದ ಎರಡು ಬಿಳಿ ಇಲಿಗಳನ್ನು ತಂದ. ಎರಡೂ ಹೆಣ್ಣು. ಈ ಜಾತಿಗೆ ಒಂಟಿತನ ಒಗ್ಗದು, ಜೋಡಿಯಾಗಿಯೇ ಸಾಕಬೇಕಂತೆ. ಕೆಂಪು ಕಣ್ಣು, ಹಾಲಿನಂಥ ಮೈ. ಪ್ರಯೋಗಶಾಲೆಗಳಲ್ಲಿ ಪೀಳಿಗೆ ಪೀಳಿಗೆಯಾಗಿ ಸಾಕಿ ಪಳಗಿಸಿದ ತಳಿಯ ಸಂತಾನ. ಮೊಮ್ಮಗಳು ಒಂದಕ್ಕೆ ಬೆಳ್ಳಿ, ಇನ್ನೊಂದಕ್ಕೆ ಮಲ್ಲಿ ಎಂದು ಹೆಸರಿಟ್ಟಳು. ನಮ್ಮ ಮನೆಯವರು ಮಾತ್ರ ಕೆರಳಿದರು. “ಇಲಿ ಪಾಷಾಣ ಇಡೋ ಮನ್ಯಾಗ ಇಲಿಗಿ ಬಾಣಂತನ ಮಾಡಂತೀರೇನು?” ಎಂದರು. ಎರಡು ತಿಂಗಳೊಳಗೆ ಬಿಸಿ ಜೋಳದ ರೊಟ್ಟಿಯ ಮೊದಲ ಚೂರು ಪಂಜರಕ್ಕೆ ಹೋಗತೊಡಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮೊಮ್ಮಗಳದು ಇಂಗ್ಲಿಷ್ ಮಾಧ್ಯಮದ ಶಾಲೆ, ಓಣಿಯಲ್ಲಿ ಮರಾಠಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರಿಸುವುದು ರೂಢಿಯಾಗಿತ್ತು. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ದುಡಿದವರಿಗೆ ಇದು ಎಂಥ ನೋವೆಂಬುದನ್ನು ಅಕ್ಕಲಕೋಟೆಯ ಬಂಧುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆಯಿ ಇಲಿಗಳನ್ನು ಕರೆಯುತ್ತಿದ್ದುದು ಕನ್ನಡದಲ್ಲಿ. ಆದ್ದರಿಂದ ಅವಕ್ಕೆ ಕನ್ನಡವೇ ತಿಳಿಯುತ್ತದೆಂದು ಮಗು ನಂಬಿಬಿಟ್ಟಿತು. ಸಂಜೆ ಶಾಲೆಯಿಂದ ಬಂದವಳೇ ಪಂಜರದ ಮುಂದೆ ಕುಳಿತು ಆ ದಿನದ ವರದಿಯನ್ನೆಲ್ಲ ಬೆಳ್ಳಿಗೆ ಒಪ್ಪಿಸುವಳು. ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತ ನಾವು ಓದುವುದನ್ನು ಬಿಟ್ಟು ಕೇಳುತ್ತಿದ್ದೆವು.

ಎರಡು ವರ್ಷ ಕಳೆದ ಮೇಲೆ, ಒಂದು ಮಾಘಮಾಸದ ಬೆಳಗ್ಗೆ, ಬೆಳ್ಳಿಯ ಕಣ್ಣಂಚಿನಲ್ಲಿ ಕೆಂಪು ಕಂಡಿತು. “ಮುತ್ಯಾ, ರಕ್ತಾ!” ಎಂದು ಮೊಮ್ಮಗಳು ಚೀರಿದಳು. ತಾಲೂಕಿನ ಪಶುವೈದ್ಯರು ಎಮ್ಮೆ, ಆಡು ನೋಡುವವರು. ಇಷ್ಟು ಸಣ್ಣ ರೋಗಿ ತಮ್ಮ ಕೈಗೆ ಬಂದದ್ದೇ ಇಲ್ಲವೆಂದು ನೇರವಾಗಿ ಹೇಳಿ, ಸೊಲ್ಲಾಪುರದ ಒಬ್ಬ ವೈದ್ಯರ ವಿಳಾಸ ಕೊಟ್ಟರು. ಅದು ರಕ್ತವಲ್ಲವೆಂದು ಅಲ್ಲಿ ತಿಳಿಯಿತು. ಇಲಿಗಳ ಕಣ್ಣ ಹಿಂದಿನ ಗ್ರಂಥಿಯಿಂದ ಕೆಂಪು ಬಣ್ಣದ ದ್ರವ ಒಸರುತ್ತದೆ, ಮೈಯಲ್ಲಿ ಬಾಧೆ ಇದ್ದಾಗ ಅದು ಹೆಚ್ಚುತ್ತದೆ. ಬಾಧೆ ಎಲ್ಲಿಯದೆಂದು ಹುಡುಕುತ್ತ ವೈದ್ಯರ ಬೆರಳು ಮುಂಗಾಲಿನ ಕೆಳಗೆ ನಿಂತಿತು. ಕಡಲೆಯಷ್ಟು ಗಡ್ಡೆ. ಹೆಣ್ಣಿಲಿಗಳಿಗೆ ವಯಸ್ಸಾದಂತೆ ಮೊಲೆಯ ಗಡ್ಡೆ ಬರುವುದು ಸಾಮಾನ್ಯ. ಬಹಳ ಮಟ್ಟಿಗೆ ವಿಷದ ಗಡ್ಡೆಯಲ್ಲ, ಆದರೆ ಬೆಳೆಯುತ್ತ ಹೋಗುತ್ತದೆ. ಕೊಯ್ದು ತೆಗೆಯಬಹುದು, ಆದರೆ ಇಲಿಯ ಆಯುಷ್ಯವೇ ಎರಡು ಮೂರು ವರ್ಷ, ಈ ವಯಸ್ಸಿನಲ್ಲಿ ಅರಿವಳಿಕೆಯಿಂದ ಏಳದೆಯೂ ಹೋಗಬಹುದು. ನಿರ್ಧಾರ ನಿಮ್ಮದು ಎಂದರು.

ಮರಳಿ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಇದೇ ದಾರಿಯಲ್ಲಿ, ಇಂಥದೇ ಒಂದು ಮಾತನ್ನು ಕೇಳಿಕೊಂಡು ನಾವಿಬ್ಬರೂ ಮರಳಿದ್ದೆವು. ನಮ್ಮ ಮನೆಯವರಿಗೆ ಆಗ ಎದೆಯ ಶಸ್ತ್ರಚಿಕಿತ್ಸೆಯಾಯಿತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಮಕ್ಕಳಿಂದ ಯಾವುದನ್ನೂ ಮುಚ್ಚಿಡಲಾಗದು. ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳು ನೇರವಾಗಿ ಕೇಳಿದಳು: “ಆಯಿಗಿ ಆಪರೇಶನ್ ಮಾಡಿಸಿದ್ರಿ. ಬೆಳ್ಳಿಗಿ ಯಾಕ ಬ್ಯಾಡ?”

ನಮಗೆ ಉತ್ತರ ಹೊಳೆಯಲಿಲ್ಲ. ಆಯಿಯೇ ಹೇಳಿದರು: “ನನಗ ಯಾಕ ಕೊಯ್ಯತಾರ ಅನ್ನೋದು ತಿಳೀತಿತ್ತು, ತಂಗೀ. ಅದಕ ತಿಳಿಯಂಗಿಲ್ಲ. ಉಳದಿದ್ದು ನಾಕು ತಿಂಗಳು. ಅಷ್ಟೂ ಅಂಜಿಕೋತ ಯಾಕ ಇರಬೇಕು ಅದು?” ಹುಡುಗಿ ತಾಟಿನ ಮುಂದಿಂದ ಎದ್ದು ಹೋದಳು. ಆ ಉತ್ತರವನ್ನು ಅವಳು ಒಪ್ಪಿದಳೆಂದು ನಮಗೆ ಇಂದಿಗೂ ಅನ್ನಿಸಿಲ್ಲ.

ಅಲ್ಲಿಂದ ಮುಂದೆ ಮನೆಯ ದಿನಚರಿಯೇ ಬದಲಾಯಿತು. ನೋವಿಗೆ ಕೊಟ್ಟ ಔಷಧವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಹನಿ ಲೆಕ್ಕದಲ್ಲಿ ಹಾಕಬೇಕು. ಅದನ್ನು ಬಾಳೆಹಣ್ಣಿನ ಚೂರಿಗೆ ಹನಿಸಿ ಕೊಡುವ ಉಪಾಯ ನಮ್ಮ ಮನೆಯವರದು. ವಾರಕ್ಕೊಮ್ಮೆ ತೂಕ ನೋಡಬೇಕಿತ್ತು. ಕಿರಾಣಿ ಅಂಗಡಿಯ ತಕ್ಕಡಿ ಇಷ್ಟು ಸೂಕ್ಷ್ಮಕ್ಕೆ ಒದಗದು. ಹೀಗಾಗಿ ಪ್ರತಿ ಗುರುವಾರ ತೂತು ಕೊರೆದ ಡಬ್ಬಿಯಲ್ಲಿಟ್ಟುಕೊಂಡು ಪತ್ತಾರರ ಅಂಗಡಿಗೆ ಹೋಗುತ್ತಿದ್ದೆವು. “ಬರ್ರಿ ಸರ, ಬೆಳ್ಳಿ ತೂಗೂನು” ಎಂದು ನಗುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿ ಮೂರನೆಯ ವಾರದಿಂದ ನಗುವುದನ್ನು ಬಿಟ್ಟ. 310 ಗ್ರಾಮು ಇದ್ದದ್ದು 335ಕ್ಕೆ ಏರಿತ್ತು. ಏರಿದ್ದು ಗಡ್ಡೆ, ಬೆನ್ನಿನ ಎಲುಬು ಕೈಗೆ ಹತ್ತುತ್ತಿತ್ತು. ತೂಕ ಹೆಚ್ಚಿತೆಂದು ಮೊಮ್ಮಗಳು ಹಿಗ್ಗಿದ ದಿನ ನಾವು ಸುಮ್ಮನಿದ್ದೆವು.

ಚೈತ್ರ ವೈಶಾಖಗಳ ಬಿಸಿಲು ಈ ಸೀಮೆಯವರಿಗೆ ಗೊತ್ತಿದ್ದದ್ದೇ. ಇಲಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಮೈಯ ಕಾವನ್ನು ಬಾಲದಿಂದ ಹೊರಹಾಕಬೇಕು. ಪಂಜರದ ಮೇಲೆ ಒದ್ದೆಯ ಧೋತರ ಹೊದಿಸಿ, ಒಣಗಿದಾಗಲೆಲ್ಲ ನೀರು ಚಿಮುಕಿಸುವ ಕೆಲಸ ನಮ್ಮ ಪಾಲಿಗೆ ಬಂತು. ನಡುರಾತ್ರಿ ಎದ್ದಾಗ ಒಮ್ಮೊಮ್ಮೆ ನಮಗಿಂತ ಮೊದಲೇ ಮನೆಯವರು ಅಲ್ಲಿ ಕುಳಿತಿರುತ್ತಿದ್ದರು. ಬೆಳ್ಳಿಯನ್ನು ಅಂಗೈಯಲ್ಲಿಟ್ಟುಕೊಂಡು, ಗಡ್ಡೆಯ ಭಾರ ತಮ್ಮ ಬೆರಳ ಮೇಲೆ ಬರುವಂತೆ ಹಿಡಿದಿರುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ತಮ್ಮ ಕಾಯಿಲೆಯ ಬಗ್ಗೆ ನಮ್ಮೊಡನೆ ಆಡದ ಎಷ್ಟೋ ಮಾತುಗಳನ್ನು ಆ ರಾತ್ರಿಗಳಲ್ಲಿ ಅವರು ಮೆಲ್ಲಗೆ ಆಡಿದರು. ನಾವು ಧೋತರಕ್ಕೆ ನೀರು ಚಿಮುಕಿಸುತ್ತ ಕೇಳಿದೆವು. ಅವನ್ನಿಲ್ಲಿ ಬರೆಯುವುದಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ಎತ್ತು ಮಾಡುವಾಗ ಮೊಮ್ಮಗಳು ಒಂದು ಇಲಿಯನ್ನೂ ಮಾಡಿ ಎತ್ತುಗಳ ನಡುವೆ ಇಟ್ಟಳು. ಯಾರೂ ಬೇಡವೆನ್ನಲಿಲ್ಲ. ಅದಾದ ನಾಲ್ಕನೆಯ ದಿನ ನಸುಕಿನಲ್ಲಿ ಬೆಳ್ಳಿ ಹೋಯಿತು. ಕೂಡಲೇ ಹೊರಗೆ ತೆಗೆಯದೆ ಸ್ವಲ್ಪ ಹೊತ್ತು ಮಲ್ಲಿಯ ಬಳಿಯಲ್ಲಿಯೇ ಬಿಟ್ಟೆವು. ಮಲ್ಲಿ ಮೂಸಿತು, ಕಿವಿಯ ಹಿಂದೆ ಎರಡು ಸಲ ನೆಕ್ಕಿತು, ಆಮೇಲೆ ಮೂಲೆಗೆ ಸರಿದು ಕುಳಿತಿತು.

ನಮ್ಮ ಮನೆತನದಲ್ಲಿ ಹೂಳುವ ರೂಢಿ. ನಾಯಿಗಳು ಕೆದರದಂತೆ ನುಗ್ಗೆಯ ಗಿಡದ ಬುಡದಲ್ಲಿ ಎರಡು ಅಡಿ ತೋಡಿದೆವು. ಮನೆಯವರು ವಿಭೂತಿ ಹಚ್ಚಿದರು. ಮೊಮ್ಮಗಳು ಹಿಡಿ ಮಣ್ಣು ಹಾಕಿದಳು. ಓಣಿಯಲ್ಲಿ ‘ಹೆಡ್‌ಮಾಸ್ತರರು ಇಲಿಗೆ ಮಣ್ಣು ಕೊಟ್ಟರಂತೆ’ ಎಂಬ ಮಾತು ನಾಲ್ಕು ದಿನ ಓಡಾಡಿತು. ಕೊಟ್ಟದ್ದು ನಿಜ.

ಈಗ ಮಲ್ಲಿ ಒಂಟಿ. ಹೊಸ ಜೋಡಿ ತರಬೇಕೆಂದು ವೈದ್ಯರು ಹೇಳುತ್ತಾರೆ. ತಂದರೆ, ಮುಪ್ಪಿನ ಮಲ್ಲಿ ಹೋದಮೇಲೆ ಹೊಸತು ಒಂಟಿಯಾಗುತ್ತದೆ, ಅದಕ್ಕೆ ಮತ್ತೊಂದು ತರಬೇಕು. ಈ ಲೆಕ್ಕಕ್ಕೆ ಉತ್ತರವಿಲ್ಲವೆಂದು ಮೊಮ್ಮಗಳಿಗೆ ಹೇಳಿದೆವು. “ಹಂಗಾದ್ರ ನಾವೇ ಜೋಡಿ ಇರೂನು, ಮುತ್ಯಾ” ಎಂದಳು, ಕನ್ನಡದಲ್ಲಿ. ಪಂಜರ ಈಗ ಆಯಿಯ ಮಂಚದ ಪಕ್ಕಕ್ಕೆ ಬಂದಿದೆ. ಹಗಲು ಅವರ ಸೆರಗಿನಲ್ಲಿ, ಸಂಜೆ ಮೊಮ್ಮಗಳ ಹೆಗಲ ಮೇಲೆ. ಕಳೆದ ಗುರುವಾರ ಪತ್ತಾರರ ತಕ್ಕಡಿಯಲ್ಲಿ 290 ಗ್ರಾಮು ತೂಗಿತು.