ಮುಪ್ಳಿ ಹುಳದ ಕಾಡಿನ ನೆಂಟ

ಕಲ್ಲಿಕೋಟೆ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಚಿಕ್ಕಪ್ಪನಿಗೆ,

ಕಲ್ಲಿಕೋಟೆಗೆ ಹೋದವನು ಕಡಲು, ಬಿರಿಯಾನಿ, ಹಲ್ವ ಅಂತ ಬರೆಯುತ್ತಾನೆ ಎಂದು ಕಾದಿರುತ್ತೀರಿ. ಅದೆಲ್ಲ ಆಯಿತು, ಹಲ್ವ ಕಟ್ಟಿಸಿಯೂ ಇಟ್ಟಿದ್ದೇನೆ. ಸುಳ್ಯದಲ್ಲಿ ರಬ್ಬರ್ ತೋಟ ಇರುವ ನಿಮಗೆ ಬರೆಯಲೇಬೇಕಾದದ್ದು ಒಂದು ಹುಳದ ಸಂಗತಿ.

ನಾನು ಉಳಿದುಕೊಂಡಿರುವ ಗೆಳೆಯನ ಮನೆ ಪೇಟೆಯಿಂದ ಒಳಗೆ, ಘಟ್ಟದ ಕಡೆ. ಸುತ್ತ ಮುತ್ತ ರಬ್ಬರ್. ಮೊನ್ನೆ ಸಂಜೆ ಗುಡುಗಿನ ಜೊತೆ ಒಂದು ಹದವಾದ ಮಳೆ ಬಿತ್ತು. ಸೆಖೆ ಇಳಿಯಿತಲ್ಲ ಅಂತ ನಾನು ಖುಷಿಯಲ್ಲಿದ್ದರೆ, ಗೆಳೆಯನ ಅಮ್ಮ ಗಡಿಬಿಡಿಯಿಂದ ಅನ್ನ ಸಾಂಬಾರಿಗೆಲ್ಲ ಮುಚ್ಚಳ ಹಾಕಿ, ಒಳಗಿನ ದೀಪಗಳನ್ನು ಒಂದೊಂದಾಗಿ ಆರಿಸಿದರು. ಅಂಗಳದಲ್ಲಿ ಮಾತ್ರ ಒಂದು ಬಲ್ಬು, ಅದರ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ. ಕತ್ತಲಾದ ಮೇಲೆ ಬಂದವು ನೋಡಿ! ಒಂದು ಸೆಂಟಿಮೀಟರ್ ಕೂಡ ಉದ್ದವಿಲ್ಲದ ಕಪ್ಪು ದುಂಬಿಗಳು. ಬೋಗುಣಿಗೆ ಬಿದ್ದದ್ದು ಬಿತ್ತು, ಮಿಕ್ಕವು ಹಂಚಿನ ಸಂದು, ಪಕಾಸಿನ ಮರೆ, ಬಾಗಿಲ ಚೌಕಟ್ಟಿನ ಬಿರುಕು ಎಲ್ಲೆಂದರಲ್ಲಿ ಗುಂಪುಗಟ್ಟಿ ಕೂತವು. ರಾತ್ರಿಯೆಲ್ಲ ಹಾಸಿಗೆ ಮೇಲೆ ಟಪ್ ಟಪ್ ಅಂತ ಉದುರುತ್ತಿದ್ದವು. ಅಮುಕಿದರೆ ಕಟು ವಾಸನೆಯ ರಸ ಬಿಡುತ್ತವೆ. ಅದು ತಾಗಿ ನನ್ನ ಕುತ್ತಿಗೆಯಲ್ಲಿ ಕೆಂಪು ಕಲೆ ಎದ್ದಿದೆ, ಚಿಕ್ಕಮ್ಮನಿಗೆ ಹೇಳಬೇಡಿ.

ಇವಕ್ಕೆ ಇಲ್ಲಿ ಮುಪ್ಳಿ ಹುಳ ಎನ್ನುತ್ತಾರೆ. ತ್ರಿಶೂರು ಕಡೆಯ ಮುಪ್ಳಿ ರಬ್ಬರ್ ತೋಟದಿಂದ ಬಂದ ಹೆಸರು. ಶಾಸ್ತ್ರದ ಹೆಸರು ಲೂಪ್ರಾಪ್ಸ್ ಟ್ರಿಸ್ಟಿಸ್. ಒಂದೊಂದು ಮನೆಗೆ 5 ಲಕ್ಷದಿಂದ 40 ಲಕ್ಷದವರೆಗೆ ನುಗ್ಗುತ್ತವೆ ಎಂದು ಸಂಶೋಧಕರೇ ಬರೆದಿದ್ದಾರೆ. ಬಂದು ಏನಾದರೂ ತಿನ್ನುತ್ತವೆಯೇ ಎಂದರೆ ಅದೂ ಇಲ್ಲ. ಸುಮಾರು ಒಂಬತ್ತು ತಿಂಗಳು ಸುಮ್ಮನೆ ಬಿದ್ದಿರುತ್ತವೆ! ರಬ್ಬರ್ ಎಲೆ ಉದುರುವ ಕಾಲಕ್ಕೆ ಎದ್ದು ತೋಟಕ್ಕೆ ವಾಪಸು. ತರಗೆಲೆಯ ಅಡಿಯಲ್ಲಿ, ಬಲಿಯದೆ ಉದುರಿದ ಎಳೆ ಎಲೆ ತಿಂದು, ಮೊಟ್ಟೆಯಿಟ್ಟು ಸಂಸಾರ ನಡೆಸುತ್ತವೆ. ಬೇಸಿಗೆ ಮಳೆ ಬಿದ್ದದ್ದೇ ಹೊಸ ಪೀಳಿಗೆ ಮನೆ ಹುಡುಕಿ ಹೊರಡುತ್ತದೆ. ಬ್ರೆಜಿಲ್‌ನ ಮರ ತಂದು ಸಾಲಾಗಿ ನೆಟ್ಟು ಇದಕ್ಕೆ ವರ್ಷ ವರ್ಷ ಹೊಸ ಹಾಸಿಗೆ ಹಾಸಿಕೊಟ್ಟವರು ನಾವೇ ತಾನೆ?

ಗೆಳೆಯನ ಅಕ್ಕ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಮರುದಿನ ಬೋಗುಣಿಯಿಂದ ಒಂದನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು, "ಕಾಲು ಎಣಿಸು" ಅಂದರು. ಆರು ಅಂದೆ. "ಕಾಲಲ್ಲ, ಪಾದದ ಗೆಣ್ಣು." ಮುಂದಿನ ಎರಡು ಜೊತೆ ಕಾಲಿನ ಪಾದದಲ್ಲಿ ಐದೈದು ಗೆಣ್ಣು, ಹಿಂದಿನ ಜೊತೆಗೆ ನಾಲ್ಕೇ. ಡಾರ್ಕ್ಲಿಂಗ್ ಬೀಟಲ್ ಎಂಬ ದೊಡ್ಡ ಕುಟುಂಬದ ಗುರುತು ಇದು. ಸುಮಾರು 20,000 ಪ್ರಭೇದಗಳ ಸಂಸಾರವಂತೆ. ಚಿಕ್ಕಮ್ಮ ರವೆ ಜರಡಿ ಹಿಡಿಯುವಾಗ ಬೈಯುತ್ತಾರಲ್ಲ, ಆ ಕೆಂಚು ಹುಳವೂ ಇದೇ ಮನೆತನದ್ದು.

ಆಮೇಲೆ ಆ ಅಕ್ಕ ಹೇಳಿದ್ದೇ ಈ ಕಾಗದ ಬರೆಯಲು ಕಾರಣ. ಈ ಮುಪ್ಳಿ ಹುಳಕ್ಕೆ ಯುರೋಪಿನ ಫ್ಯಾಬ್ರಿಸಿಯಸ್ 1801ರಲ್ಲೇ ಹೆಸರಿಟ್ಟಿದ್ದ. ನಮ್ಮ ಘಟ್ಟದ ಕಾಡಿನಲ್ಲೇ ಇರುವ ಇದರ ನೆಂಟನೊಬ್ಬನಿಗೆ ಹೆಸರು ಬಂದದ್ದು ಮಾತ್ರ 2007ರಲ್ಲಿ. ಇಲ್ಲಿನ ದೇವಗಿರಿಯ ಸೇಂಟ್ ಜೋಸೆಫ್ ಕಾಲೇಜಿನ ಸಾಬು, ಅಭಿತಾ ಅವರೂ ಬುಡಾಪೆಸ್ಟ್ ಮ್ಯೂಸಿಯಮ್ಮಿನ ಓಟೊ ಮೆರ್ಕ್ಲ್ ಅವರೂ ಸೇರಿ ಅದನ್ನು ಲೂಪ್ರಾಪ್ಸ್ ದೇವಗಿರಿಯೆನ್ಸಿಸ್ ಎಂದು ಕರೆದರು. ಮುಪ್ಳಿ ಹುಳದ ಕಾಟದ ಬೆನ್ನು ಹತ್ತಿದ್ದೂ ಇದೇ ಕಾಲೇಜಿನವರು. ಕಾಟ ಕೊಡದ ಹುಳವನ್ನು ಕೇಳುವವರು ಯಾರು ಹೇಳಿ! ಮನೆಗೆ ನುಗ್ಗಿ ಉಪದ್ರ ಕೊಡುವ ಅಣ್ಣನ ದೆಸೆಯಿಂದ ತನ್ನ ಪಾಡಿಗೆ ತಾನಿದ್ದ ತಮ್ಮನಿಗೂ ನಾಮಕರಣ ಆಯಿತು ಎಂದೇ ನನಗನ್ನಿಸುವುದು.

ಹೊಸದು ಸಿಕ್ಕಿತು ಎಂದರೆ ಕಾಡಿನಲ್ಲಿ ಕೂಗಿಕೊಂಡು ಓಡಿ ಬರುವುದು ಎಂದು ನನ್ನ ಕಲ್ಪನೆ ಇತ್ತು. ಹಾಗಲ್ಲವಂತೆ. ಕಪ್ಪು ಹುಳ ಎಲ್ಲವೂ ಕಣ್ಣಿಗೆ ಒಂದೇ. ಬೆನ್ನಿನ ಚುಕ್ಕಿ ಗುಳಿಗಳು ಎಷ್ಟು ಒತ್ತಾಗಿವೆ, ಕುತ್ತಿಗೆ ಪಟ್ಟಿಯ ಅಂಚು ಹೇಗೆ ಬಾಗಿದೆ, ಎರಡು ಕಣ್ಣುಗಳ ನಡುವೆ ಎಷ್ಟು ಅಂತರ ಎಂದು ಅಳೆಯಬೇಕು. ಗಂಡಿನ ಜನನಾಂಗ ಬಿಡಿಸಿ ನೋಡಬೇಕು. ಆಮೇಲೆ ಹಿಂದಿನವರು ಹೆಸರಿಟ್ಟದ್ದರ ಪಕ್ಕ ಇಟ್ಟು ಇದು ಅದಲ್ಲ ಎಂದು ತೋರಿಸಬೇಕು. ಆ ಹಳೆಯ ಮಾದರಿಗಳು ಬಹಳಷ್ಟು ಇರುವುದು ಯುರೋಪಿನ ಮ್ಯೂಸಿಯಮ್ಮುಗಳಲ್ಲಿ. ನಮ್ಮ ಘಟ್ಟದ ಹುಳ ಹೊಸದೋ ಹಳೆಯದೋ ಎಂದು ಕೇಳಲು ಅಷ್ಟು ದೂರ ಹೋಗಬೇಕಲ್ಲ ಎಂದು ನನಗೆ ಸ್ವಲ್ಪ ಕೋಪವೇ ಬಂತು. ಕೊನೆಗೆ ಒಂದೇ ಒಂದು ಹುಳವನ್ನು ಆರಿಸಿ, ಇದೇ ಈ ಪ್ರಭೇದದ ಸಾಕ್ಷಿ ಎಂದು ಕೆಂಪು ಚೀಟಿ ಹಾಕಿ ಕಾಪಾಡುತ್ತಾರೆ. ಮುಂದೆ ತಕರಾರು ಬಂದರೆ ಎಲ್ಲರೂ ನೋಡಬೇಕಾದದ್ದು ಆ ಒಂದನ್ನೇ.

ಈಗ ನಿಮಗೊಂದು ಕೆಲಸ. ನಮ್ಮ ತೋಟದ ಮೇಲಿನ ಗಡಿ ಕಾಡಿಗೇ ತಾಗಿದೆಯಲ್ಲ, ಅಲ್ಲಿ ತರಗೆಲೆ ಕೆದಕಿದಾಗ ಇಂಥ ಕಪ್ಪು ದುಂಬಿ ಕಂಡರೆ ನಾಲ್ಕನ್ನು ಸ್ಪಿರಿಟ್ ಹಾಕಿದ ಸಣ್ಣ ಬಾಟಲಿಯಲ್ಲಿ ಹಾಕಿಡಿ. ಬರಿಗೈಯಲ್ಲಿ ಹಿಡಿಯಬೇಡಿ. ಊರು, ಜಾಗ, ತಾರೀಕು ಬರೆದ ಚೀಟಿಯನ್ನೂ ಒಳಗೇ ಹಾಕಿ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದಂತೆ. ರಬ್ಬರಿನ ಅಡಿಯಲ್ಲಿ ಸಿಕ್ಕಿದ್ದಕ್ಕೂ ಕಾಡಿನ ಬದಿ ಸಿಕ್ಕಿದ್ದಕ್ಕೂ ಬೇರೆ ಬೇರೆ ಬಾಟಲಿ. ಶನಿವಾರ ಬರುತ್ತೇನೆ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ,
ರಘು